ಬೆಂಕಿ ಹೋದ ನೆಲದಲ್ಲಿ ದ್ವಿದಳ ಗಿಡ ಏಕೆ ಏಳುತ್ತದೆ?



ಕಳೆದ ಸರ್ವ ಸದಸ್ಯರ ಸಭೆಯಲ್ಲಿ ಕಾರ್ಯಸೂಚಿಯ ವಿಷಯಗಳೆಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅವರ ಮಗ ಅಮೇರಿಕದ ಜಾರ್ಜಿಯಾ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮಾರ್ಚ್ ತಿಂಗಳಲ್ಲಿ ದೊಡ್ಡ ದೊಡ್ಡ ಎಸ್ಟೇಟಿನವರು ಪೈನ್ ಮರಗಳ ಅಡಿಗೆ ತಾವೇ ಬೆಂಕಿ ಕೊಡುತ್ತಾರಂತೆ. ಸುಟ್ಟ ಜಾಗದಲ್ಲಿ ಹಳದಿ ಹೂವಿನ ಒಂದು ದ್ವಿದಳ ಗಿಡ ಹುಲುಸಾಗಿ ಬಂದು, ಅದರಿಂದ ಹಕ್ಕಿಗಳ ಸಂತತಿ ಹೆಚ್ಚುತ್ತದಂತೆ. "ಅಲ್ಲಿ ಸುಟ್ಟರೆ ಅದು ವಿಜ್ಞಾನ, ಇಲ್ಲಿ ನಾವು ಸೊಪ್ಪಿನ ಬೆಟ್ಟಕ್ಕೆ ಕಡ್ಡಿ ಗೀರಿದರೆ ಕೇಸು. ಇದು ಯಾವ ನ್ಯಾಯ ಸೆಕ್ರೆಟರಿಗಳೇ?" ಎಂದು ಅವರು ಕೇಳಿದಾಗ ಹಿಂದಿನ ಸಾಲಿನಿಂದ ಚಪ್ಪಾಳೆಯೂ ಬಿತ್ತು.

ಕಾಫಿ ಆರುವುದರೊಳಗೆ ಕೊಡಬಹುದಾದ ಉತ್ತರ ಅದಲ್ಲವಾದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತೇನೆಂದು ಹೇಳಿ ಕುಳಿತೆ. ಸಭೆ ಮುಗಿದ ಮೇಲೆ ಇಬ್ಬರು ಸದಸ್ಯರು ನನ್ನನ್ನು ಪಕ್ಕಕ್ಕೆ ಕರೆದು, ಈ ಫೆಬ್ರವರಿಯಲ್ಲಿ ತಮ್ಮ ಬೆಟ್ಟದ ಒಂದು ತುಂಡಿನಲ್ಲಿ "ಆ ಅಮೇರಿಕದ ಪದ್ಧತಿ"ಯನ್ನು ನೋಡುವ ಮನಸ್ಸಿದೆ ಎಂದರು. ಆದ್ದರಿಂದ ಬರೆಯುವುದು ಅವಸರದ ಕೆಲಸವೇ ಆಯಿತು.

ಸದಸ್ಯರ ಮಗ ಕಂಡದ್ದು ಸುಳ್ಳಲ್ಲ. ಜಾರ್ಜಿಯಾದ ಥಾಮಸ್‌ವಿಲ್ ಪಟ್ಟಣಕ್ಕೂ ಫ್ಲಾರಿಡಾದ ಟಲಹಾಸಿ ನಗರಕ್ಕೂ ನಡುವೆ ಕೆಂಪು ಮಣ್ಣಿನ ದಿಣ್ಣೆಗಳ ಒಂದು ಪ್ರದೇಶವಿದೆ; ರೆಡ್ ಹಿಲ್ಸ್ ಎಂದೇ ಅದರ ಹೆಸರು. ಹಿಂದೆ ಅಲ್ಲಿ ಹತ್ತಿ ಬೆಳೆಯುವ ಜಹಗೀರುಗಳಿದ್ದವು. ಅಮೇರಿಕದ ಅಂತರ್ಯುದ್ಧದ ನಂತರದ ದಶಕಗಳಲ್ಲಿ ಉತ್ತರದ ಶ್ರೀಮಂತರು ಆ ಜಮೀನುಗಳನ್ನು ಕೊಂಡು, ಚಳಿಗಾಲ ಕಳೆಯಲಿಕ್ಕೂ ಹಕ್ಕಿ ಬೇಟೆಗೂ ಇಟ್ಟುಕೊಂಡರು. ಬೇಟೆಯ ಹಕ್ಕಿ ಯಾವುದೆಂದರೆ ಬಾಬ್‌ವೈಟ್, ನಮ್ಮ ಬುರ್ಲಿ ಹಕ್ಕಿಯ ಹಾಗೆ ನೆಲದ ಮೇಲೆಯೇ ಓಡಾಡಿ, ನೆಲದ ಮೇಲೆಯೇ ಗೂಡು ಮಾಡುವ ಜಾತಿ.

1920ರ ಹೊತ್ತಿಗೆ ಈ ಹಕ್ಕಿ ಕಡಿಮೆಯಾಗತೊಡಗಿತು. ಎಸ್ಟೇಟು ಮಾಲೀಕರು ಹಣ ಕೂಡಿಸಿ, ಸರ್ಕಾರದ ಜೀವವಿಜ್ಞಾನ ಸರ್ವೆ ಇಲಾಖೆಯ ಮೂಲಕ ಒಂದು ತನಿಖೆ ನಡೆಸಿದರು. 1924ರಲ್ಲಿ ಆ ಕೆಲಸಕ್ಕೆ ಬಂದವರು ಹರ್ಬರ್ಟ್ ಸ್ಟಾಡರ್ಡ್. ಐದು ವರ್ಷ ಊರೂರು ಅಲೆದು, ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮರಿ ಏಕೆ ಸಾಯುತ್ತದೆ ಎಂಬುದನ್ನೆಲ್ಲ ನೋಡಿ 1931ರಲ್ಲಿ ದೊಡ್ಡ ಗ್ರಂಥ ಹೊರತಂದರು. ಅವರು ಕಂಡುಕೊಂಡ ಸಂಗತಿಗಳಲ್ಲಿ ಮುಖ್ಯವಾದದ್ದು ಇದು: ಅಲ್ಲಿನ ಹಳೆಯ ರೈತರು ಚಳಿಗಾಲದ ಕೊನೆಯಲ್ಲಿ ಕಾಡಿನ ನೆಲಕ್ಕೆ ಬೆಂಕಿ ಕೊಡುತ್ತಿದ್ದರು. ಬೆಂಕಿ ನಿಲ್ಲಿಸಿದ ಜಾಗಗಳಲ್ಲಿ ಪೊದೆ ಮುಚ್ಚಿಕೊಂಡು ದ್ವಿದಳ ಗಿಡಗಳು ಮಾಯವಾದವು, ಅವುಗಳ ಬೀಜ ತಿನ್ನುವ ಹಕ್ಕಿಯೂ ಹೋಯಿತು.

ಆ ಕಾಲದಲ್ಲಿ ಇದನ್ನು ಹೇಳುವುದು ಸುಲಭವಿರಲಿಲ್ಲ. ಬೆಂಕಿಯೇ ಕಾಡಿನ ಶತ್ರು ಎಂಬುದು ಅಲ್ಲಿನ ಅರಣ್ಯಾಧಿಕಾರಿಗಳ ನಂಬಿಕೆ. ಅದೇ ವರ್ಷಗಳಲ್ಲಿ ಲಾರಿಗಳಲ್ಲಿ ಸಿನಿಮಾ ಯಂತ್ರ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗಿ ಬೆಂಕಿಯ ವಿರುದ್ಧ ಪ್ರಚಾರ ಮಾಡುವ ತಂಡಗಳೂ ತಿರುಗುತ್ತಿದ್ದವು. ಸ್ಟಾಡರ್ಡರು ಬೆಂಕಿಯ ಅಧ್ಯಾಯವನ್ನು ಮೇಲಿನವರ ಆಕ್ಷೇಪಣೆಗೆ ಒಳಪಟ್ಟು ಮತ್ತೆ ಮತ್ತೆ ತಿದ್ದಿ ಬರೆಯಬೇಕಾಯಿತು. ಮುಂದೆ 1958ರಲ್ಲಿ ಟಲಹಾಸಿಯ ಬಳಿ ಟಾಲ್ ಟಿಂಬರ್ಸ್ ಎಂಬ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿ, 1962ರಿಂದ ಬೆಂಕಿಯ ವಿಷಯಕ್ಕೇ ಮೀಸಲಾದ ಸಮ್ಮೇಳನಗಳು ನಡೆದು, ಸ್ಟಾಡರ್ಡರ ಮಾತಿಗೆ ಮನ್ನಣೆ ಸಿಕ್ಕಿತು. ರೈತನ ರೂಢಿಯನ್ನು ವಿಜ್ಞಾನ ಒಪ್ಪಲು ಮೂವತ್ತು ವರ್ಷ ಹಿಡಿಯಿತೆಂಬುದು ನಮ್ಮ ಹಿರಿಯ ಸದಸ್ಯರಿಗೆ ಸಂತೋಷದ ವಿಷಯವಾಗಬಹುದು. ಆದರೆ ಪಾಠ ಇನ್ನೂ ಅರ್ಧವೂ ಆಗಿಲ್ಲ.

ಗಿಡದ ಪರಿಚಯ

ಹಳದಿ ಹೂವಿನ ಆ ಗಿಡಕ್ಕೆ ಅಲ್ಲಿ ಪಾರ್ಟ್ರಿಜ್ ಪೀ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಗೌಜಲ ಬಟಾಣಿ ಎಂದಾಗುತ್ತದೆ. ಈ ಲೇಖನದ ಮಟ್ಟಿಗೆ ಹಾಗೆಯೇ ಕರೆಯೋಣ. ಶಾಸ್ತ್ರೀಯ ಹೆಸರು ಕೆಮೆಕ್ರಿಸ್ಟಾ ಫ್ಯಾಸಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಎಂದಿರುತ್ತದೆ, ಅಂದರೆ ನಮ್ಮ ತಗಚೆಯ ದಾಯಾದಿ. ಒಂದೇ ವರ್ಷ ಬದುಕುವ, ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ಗಿಡ. ಎಲೆ ನಾಚಿಕೆಮುಳ್ಳಿನ ಹಾಗೆ ಸಣ್ಣ ಸಣ್ಣ ಜೋಡಿ ಎಲೆಗಳಾಗಿ ಒಡೆದಿರುತ್ತದೆ. ಬೇಸಗೆಯ ನಡುವಿನಿಂದ ಹೂ ಬಿಟ್ಟು, ಕಾಯಿ ಒಣಗಿದಾಗ ಸಿಪ್ಪೆ ತಿರುಚಿಕೊಂಡು ಸಿಡಿದು ಬೀಜವನ್ನು ದೂರಕ್ಕೆ ಎರಚುತ್ತದೆ. ಇದೇ ಕುಲದ ಸಣ್ಣ ಗಿಡಗಳು ನಮ್ಮಲ್ಲಿಯೂ ಇವೆ. ಮಳೆಗಾಲದಲ್ಲಿ ಬ್ಯಾಣದ ಹುಲ್ಲಿನ ನಡುವೆ ನೆಲಕ್ಕಂಟಿದಂತೆ ಬೆಳೆದು ಹಳದಿ ಹೂ ಬಿಡುವುದನ್ನು ದನ ಕಾಯುವ ಹುಡುಗರು ಕೂಡ ಬಲ್ಲರು.

ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ತಗಚೆಯೂ ಕಾಯಿ ಬಿಡುವ ದ್ವಿದಳ ಗಿಡವಾದ್ದರಿಂದ ಅದು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆಂದು ಅನೇಕರು ಭಾವಿಸಿದ್ದಾರೆ. ಗಿಡ ಕಿತ್ತು ಬೇರು ನೋಡಿ, ಗಂಟುಗಳಿರುವುದಿಲ್ಲ. ಹಸಿರು ಗೊಬ್ಬರವಾಗಿ ತಗಚೆ ಒಳ್ಳೆಯದೇ, ಆದರೆ ಅದು ಕೊಡುವ ಸಾರಜನಕ ನಿಮ್ಮ ಮಣ್ಣಿನದೇ. ಗೌಜಲ ಬಟಾಣಿ ಮತ್ತು ಅದರ ಕುಲದವುಗಳ ಬೇರಿನಲ್ಲಾದರೋ ಗಂಟುಗಳಿವೆ, ಗಾಳಿಯಿಂದ ಸಾರಜನಕ ಹಿಡಿಯುತ್ತವೆ. ದಾಯಾದಿಗಳಲ್ಲಿಯೂ ಒಬ್ಬ ದುಡಿಯುವವನು, ಒಬ್ಬ ಕೂತು ಉಣ್ಣುವವನು ಇರುವುದು ಲೋಕರೂಢಿಯೇ.

ಹಕ್ಕಿಗೆ ಈ ಗಿಡದಿಂದ ಎರಡು ಉಪಕಾರ. ಗಟ್ಟಿ ಸಿಪ್ಪೆಯ ಬೀಜ ಕೊಳೆಯದೆ ನೆಲದ ಮೇಲೆ ಉಳಿಯುವುದರಿಂದ, ಬೇರೆ ಕಾಳು ಮುಗಿದ ಚಳಿಗಾಲದ ಕೊನೆಯ ತಿಂಗಳುಗಳಲ್ಲಿಯೂ ತಿನ್ನಲು ಸಿಗುತ್ತದೆ. ಬೇಸಗೆಯಲ್ಲಿ ಗಿಡದ ತುಂಬ ಹುಳು ಹುಪ್ಪಟೆ. ಎಲೆಯ ತೊಟ್ಟಿನಲ್ಲಿ ಸಣ್ಣ ಬಟ್ಟಲಿನಂಥ ಜೇನು ಗ್ರಂಥಿಯಿದ್ದು ಅದಕ್ಕೆ ಇರುವೆ ಬರುತ್ತದೆ. ಹಳದಿ ಚಿಟ್ಟೆಗಳ ಮರಿಹುಳು ಎಲೆ ತಿನ್ನುತ್ತದೆ. ಪರಾಗಕ್ಕೆ ದುಂಬಿಗಳು ಬರುತ್ತವೆ. ಮೊಟ್ಟೆಯೊಡೆದ ಮರಿಗೆ ಮೊದಲ ವಾರಗಳಲ್ಲಿ ಕಾಳಿಗಿಂತ ಹುಳುವೇ ಬೇಕು. ಗಿಡದ ಮೇಲ್ಭಾಗ ಕೊಡೆಯಂತೆ ಹರಡಿ ಬುಡ ಬರಿದಾಗಿರುವುದರಿಂದ, ಹೆಬ್ಬೆರಳಿನಷ್ಟು ದೊಡ್ಡ ಮರಿಯೂ ಗಿಡುಗನ ಕಣ್ಣಿಗೆ ಬೀಳದೆ ಅಡಿಯಲ್ಲಿ ಓಡಾಡಬಹುದು. ಅಲ್ಲಿನವರು ಈ ಗಿಡಕ್ಕೆ ಇಷ್ಟು ಬೆಲೆ ಕೊಡುವುದು ಈ ಕಾರಣಗಳಿಂದ.

ಬೀಜದ ಗುಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಕಿ ಗಿಡಕ್ಕೆ ಏನು ಮಾಡುತ್ತದೆ?

ಗಿಡಕ್ಕೆ ಏನೂ ಮಾಡುವುದಿಲ್ಲ, ಏಕೆಂದರೆ ಬೆಂಕಿ ಹೋಗುವ ಕಾಲಕ್ಕೆ ಗಿಡವೇ ಇರುವುದಿಲ್ಲ. ಹಿಮ ಬಿದ್ದಾಗಲೇ ಅದು ಒಣಗಿ ಸತ್ತಿರುತ್ತದೆ. ಇರುವುದು ಬೀಜ. ಬೆಂಕಿಯ ವ್ಯವಹಾರವೆಲ್ಲ ಈ ಬೀಜದೊಡನೆ.

ದ್ವಿದಳ ಜಾತಿಯ ಅನೇಕ ಗಿಡಗಳ ಬೀಜಕ್ಕೆ ನೀರು ಒಳಗಿಳಿಯದಂಥ ಹೊರಕವಚವಿದೆ. ಒಳಗೆ ಜೀವವಿರುತ್ತದೆ, ಹೊರಗೆ ಮಳೆ ಸುರಿಯುತ್ತದೆ, ಆದರೂ ಮೊಳೆಯುವುದಿಲ್ಲ. ನಮ್ಮಲ್ಲಿ ಇದು ಹೊಸ ಸಂಗತಿಯಲ್ಲ. ಸುಬಾಬುಲ್ ಬೀಜವನ್ನು ಹಾಗೆಯೇ ಬಿತ್ತಿ, ಪಾತಿಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಕಂಡು ಬೀಜ ಕೊಟ್ಟವರನ್ನು ಬೈದವರು ನಮ್ಮಲ್ಲಿಯೇ ಇದ್ದಾರೆ. ಅದೇ ಬೀಜವನ್ನು 80 ಡಿಗ್ರಿಯ ಬಿಸಿ ನೀರಿನಲ್ಲಿ ಮೂರು ನಾಲ್ಕು ನಿಮಿಷ ಇಟ್ಟು, ಆಮೇಲೆ ತಣ್ಣೀರಿನಲ್ಲಿ ರಾತ್ರಿ ನೆನೆಸಿ ಬಿತ್ತಿದರೆ ವಾರದೊಳಗೆ ಪಾತಿ ಹಸಿರಾಗುತ್ತದೆ. ರಬ್ಬರ್ ತೋಟಕ್ಕೆ ಪ್ಯುರೇರಿಯಾ ಹೊದಿಕೆ ಬೆಳೆ ಹಾಕುವವರೂ ಬೀಜವನ್ನು ಬಿಸಿ ನೀರಿಗೆ ಹಾಕಿಯೇ ಬಿತ್ತುವುದು. ಬಿಸಿ ತಾಗಿದಾಗ ಕವಚದ ದುರ್ಬಲವಾದ ಒಂದು ಜಾಗದಲ್ಲಿ ಸಣ್ಣ ಬಿರುಕು ಬಿಟ್ಟು ನೀರಿಗೆ ದಾರಿಯಾಗುತ್ತದೆ. ಇಷ್ಟೇ ಗುಟ್ಟು.

ಜಾರ್ಜಿಯಾದ ಬೆಂಕಿ ಮಾಡುವುದೂ ಇದನ್ನೇ. ನೀವು ಪಾತ್ರೆಯಲ್ಲಿ ಮಾಡುವುದನ್ನು ಅದು ಮಣ್ಣಿನಲ್ಲಿ ಮಾಡುತ್ತದೆ. ಗೌಜಲ ಬಟಾಣಿಯೂ ಸೇರಿದಂತೆ ಅಲ್ಲಿನ ಕೆಲವು ದ್ವಿದಳ ಬೀಜಗಳನ್ನು ಬೇರೆ ಬೇರೆ ಉಷ್ಣತೆಗೆ ಒಡ್ಡಿ ನೋಡಿದ ಪ್ರಯೋಗಗಳು 1968ರಲ್ಲಿ ಪ್ರಕಟವಾದವು. ನಡೆಸಿದವರು ಕಶ್ವಾ ಎಂಬವರು ಮತ್ತು ಅವರ ಸಂಗಡಿಗರು. ಒಣ ಬಿಸಿಗಿಂತ ಹಸಿ ಬಿಸಿ ಹೆಚ್ಚು ಕೆಲಸ ಮಾಡುತ್ತದೆ, ಸುಮಾರು 80 ಡಿಗ್ರಿಯವರೆಗೆ ಮೊಳಕೆ ಏರುತ್ತದೆ, ಬಿಸಿ ಅದಕ್ಕಿಂತ ತೀರ ಮೇಲೆ ಹೋದರೆ ಬೀಜ ಬೇಯುತ್ತದೆ ಎಂಬುದು ಅದರ ಸಾರ. ನಮ್ಮ ಸುಬಾಬುಲ್ ಲೆಕ್ಕಕ್ಕೂ ಇದಕ್ಕೂ ಎಷ್ಟು ಹೊಂದಿಕೆ ನೋಡಿ.

ಇದರಿಂದ ತಿಳಿಯುವುದೇನೆಂದರೆ, ಬೆಂಕಿ ಎಂದರೆ ಒಂದೇ ಬಗೆಯ ಬೆಂಕಿಯಲ್ಲ. ನೆಲದ ಮೇಲೆ ಬಿದ್ದ ಬೀಜ ಸುಟ್ಟುಹೋಗುತ್ತದೆ. ಮಣ್ಣಿನ ಅಡಿಯಲ್ಲಿ ಒಂದು ಬೆರಳು ದಪ್ಪದಷ್ಟು ಕೆಳಗಿರುವುದಕ್ಕೆ ಹಿತವಾದ ಬಿಸಿ ತಾಗುತ್ತದೆ. ಇನ್ನೂ ಆಳದ ಬೀಜಕ್ಕೆ ಸುದ್ದಿಯೇ ಮುಟ್ಟುವುದಿಲ್ಲ, ಅದು ಮುಂದಿನ ಸರದಿಗೆ ಕಾದು ಮಲಗಿರುತ್ತದೆ. ಮಣ್ಣು ಅಷ್ಟು ಒಳ್ಳೆಯ ತಡೆ. ಮಳೆ ಬಂದ ಒಂದೆರಡು ದಿನದಲ್ಲಿ, ಮೇಲಿನ ಹುಲ್ಲು ಒಣಗಿ ಮಣ್ಣು ಇನ್ನೂ ತೇವವಾಗಿರುವಾಗ, ಒಂದೇ ಕಡೆಯಿಂದ ಬೀಸುವ ಮೆಲುಗಾಳಿ ನೋಡಿ ಬೆಂಕಿ ಕೊಡುವುದು ಅಲ್ಲಿನ ಪದ್ಧತಿ. ಬೆಂಕಿ ಬೇಗ ಓಡಿಹೋಗಬೇಕು, ನಿಲ್ಲಬಾರದು. ಉರುಳಿದ ಮರದ ದಿಮ್ಮಿ ರಾತ್ರಿಯಿಡೀ ಉರಿದ ಜಾಗದಲ್ಲಿ ಮಣ್ಣೇ ಇಟ್ಟಿಗೆಯಂತಾಗಿ, ಅಲ್ಲಿ ಯಾವ ಬೀಜವೂ ಉಳಿಯುವುದಿಲ್ಲ.

ಬೀಜ ಬಿರಿಯುವಂತೆ ಮಾಡುವುದಲ್ಲದೆ ಬೆಂಕಿ ಇನ್ನೂ ಎರಡು ಕೆಲಸ ಮಾಡುತ್ತದೆ. ಒಂದು, ಒಣ ಸೂಜಿ ಎಲೆಗಳ ಹಾಸನ್ನೂ ಪೊದೆಯನ್ನೂ ತೆಗೆದು ನೆಲಕ್ಕೆ ಬೆಳಕು ಬೀಳುವಂತೆ ಮಾಡುತ್ತದೆ. ಇನ್ನೊಂದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಎಲೆ ಕಡ್ಡಿ ಉರಿದಾಗ ಅವುಗಳಲ್ಲಿರುವ ಪೊಟ್ಯಾಷ್, ಸುಣ್ಣ, ರಂಜಕದ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ. ಸಾರಜನಕ ಮಾತ್ರ ಉಳಿಯುವುದಿಲ್ಲ, ಹೊಗೆಯೊಡನೆ ಆಕಾಶಕ್ಕೆ ಹೋಗುತ್ತದೆ. ಹೀಗೆ ಸುಟ್ಟ ನೆಲದಲ್ಲಿ ಬೂದಿಯ ಸತ್ವ ಉಂಟು, ಸಾರಜನಕ ಕಡಿಮೆ. ಅಂಥ ನೆಲದಲ್ಲಿ ಗಾಳಿಯಿಂದ ಸಾರಜನಕ ಹಿಡಿಯಬಲ್ಲ ಗಿಡವೇ ಮುಂದೆ ಬರುತ್ತದೆ. ದ್ವಿದಳ ಗಿಡ ಹುಲುಸಾಗಿ ಎದ್ದದ್ದನ್ನು ನೋಡಿ ನೆಲ ಫಲವತ್ತಾಯಿತೆಂದು ನಾವು ಹೇಳುತ್ತೇವೆ. ಎಷ್ಟೋ ಸಲ ಅದರ ಅರ್ಥ ನೆಲ ಬಡವಾಯಿತು, ಬಡತನದಲ್ಲಿ ಬದುಕಬಲ್ಲ ಗಿಡ ಬಂತು ಎಂದು.

ಕಾಲ ಮತ್ತು ಅಂತರ

ರೆಡ್ ಹಿಲ್ಸ್‌ನಲ್ಲಿ ಬೆಂಕಿ ಕೊಡುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಮೊದಲವರೆಗೆ, ಅಂದರೆ ಬೀಜ ಮೊಳೆಯುವ ಮುನ್ನ, ಹಕ್ಕಿ ಗೂಡು ಕಟ್ಟುವ ಮುನ್ನ. ಮೊಳಕೆ ಬಂದ ಮೇಲೆ ಬೆಂಕಿ ಹೋದರೆ ಎಳೆ ಸಸಿಗಳೆಲ್ಲ ಹೋಗುತ್ತವೆ. ಒಂದೇ ವರ್ಷದ ಗಿಡವಾದ್ದರಿಂದ ಬುಡದಿಂದ ಚಿಗುರುವ ಶಕ್ತಿಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಬೆಂಕಿ ಮೂರು ನಾಲ್ಕು ವರ್ಷ ತಪ್ಪಿದರೆ ಓಕ್, ಸ್ವೀಟ್‌ಗಮ್ ಮೊದಲಾದ ಮರಗಳ ಚಿಗುರು ಮೇಲೆದ್ದು ನೆರಳು ಮಾಡಿ ಗಿಡ ಕಾಣೆಯಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಸುಡುವುದು ಅಲ್ಲಿ ಸಾಮಾನ್ಯ. ಅದೂ ಇಡೀ ಎಸ್ಟೇಟನ್ನು ಒಟ್ಟಿಗೆ ಸುಡುವುದಿಲ್ಲ. ಸಣ್ಣ ಸಣ್ಣ ತುಂಡು ಮಾಡಿ ಈ ವರ್ಷ ಅರ್ಧ, ಮುಂದಿನ ವರ್ಷ ಉಳಿದರ್ಧ. ಸುಡದ ತುಂಡಿನಲ್ಲಿ ಹಕ್ಕಿ ಗೂಡು ಮಾಡುತ್ತದೆ, ಸುಟ್ಟ ತುಂಡಿನಲ್ಲಿ ಮರಿ ಮೇಯಿಸುತ್ತದೆ.

ಬೆಂಕಿಯಿಲ್ಲದೆಯೂ ಇದು ಆಗುತ್ತದೆಂಬುದನ್ನು ಸದಸ್ಯರು ಗಮನಿಸಬೇಕು. ಪಾಳು ಗದ್ದೆಗಳಲ್ಲಿ ಚಳಿಗಾಲದಲ್ಲಿ ಡಿಸ್ಕ್ ಹ್ಯಾರೋ ಹೊಡೆದರೂ ಗೌಜಲ ಬಟಾಣಿ ಏಳುತ್ತದೆ. ನೆಲ ತೆರೆದು ಬೆಳಕು ಕಂಡರೆ, ಸಿಪ್ಪೆ ಉಜ್ಜಿ ಗಾಯವಾದರೆ ಸಾಕು.

ಫ್ಲಾರಿಡಾದಲ್ಲಿ 1990ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಮಾಡಿದರು. ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರು, ಬರವಣಿಗೆಯಲ್ಲಿ ಯೋಜನೆ ಇಟ್ಟುಕೊಂಡು, ಆ ದಿನದ ಅನುಮತಿ ಪಡೆದು ಸುಟ್ಟರೆ ಅವರಿಗೆ ಕಾನೂನಿನ ರಕ್ಷಣೆ ಉಂಟು. "ಅಲ್ಲಿ ಕಡ್ಡಿ ಗೀರುತ್ತಾರೆ" ಎಂಬ ಮಾತಿನಲ್ಲಿ ಇಷ್ಟೆಲ್ಲ ಬಿಟ್ಟುಹೋಗಿದೆ.

ಅದೇ ಬೆಂಕಿ, ಇನ್ನೊಂದು ಗಿಡ

ಇಲ್ಲಿಗೆ ಪಾಠ ಮುಗಿಸಿದರೆ ಬೆಂಕಿಯ ಪರವಾಗಿ ವಾದಿಸಿದಂತಾಗುತ್ತದೆ. ಅದೇ ದೇಶದ ಕಾನ್ಸಾಸ್ ರಾಜ್ಯಕ್ಕೆ ಹೋಗೋಣ. ಅಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಕಲ್ಲು ದಿಣ್ಣೆಗಳ ವಿಶಾಲ ಹುಲ್ಲುಗಾವಲಿದೆ. ದನ ಸಾಕುವವರು ಏಪ್ರಿಲ್ ತಿಂಗಳಲ್ಲಿ ಹುಲ್ಲಿಗೆ ಬೆಂಕಿ ಕೊಟ್ಟು ಎಳೆ ಹುಲ್ಲು ಬರಿಸುತ್ತಾರೆ.

ಪೂರ್ವ ಏಷ್ಯಾದಿಂದ ಬಂದ ಸೆರೀಸಿಯಾ ಲೆಸ್ಪಿಡಿಜಾ ಎಂಬ ಇನ್ನೊಂದು ದ್ವಿದಳ ಗಿಡವನ್ನು 1930 ಮತ್ತು 40ರ ದಶಕಗಳಲ್ಲಿ ಸರ್ಕಾರದವರೇ ಉತ್ತೇಜನ ಕೊಟ್ಟು ಹಾಕಿಸಿದರು. ಮಣ್ಣು ಕೊಚ್ಚುವುದನ್ನು ತಡೆಯುತ್ತದೆ, ಗಣಿ ತೋಡಿದ ನೆಲವನ್ನು ಮುಚ್ಚುತ್ತದೆ, ದನಕ್ಕೆ ಮೇವು, ಹಕ್ಕಿಗೆ ಕಾಳು ಎಂದು. ಮೊದಲ ಎರಡು ನಿಜವಾದವು. ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಹೆಚ್ಚಿ ಬಲಿತ ಗಿಡವನ್ನು ದನ ಮೂಸುವುದಿಲ್ಲ. ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಬಾಬ್‌ವೈಟ್ ನುಂಗಿದರೂ ಅದಕ್ಕೆ ಹೆಚ್ಚಿನ ಪೋಷಣೆ ಸಿಗುವುದಿಲ್ಲ. ಗಿಡ ಮಾತ್ರ ಹಬ್ಬುತ್ತಾ ಹೋಗಿ 2000ದಲ್ಲಿ ಕಾನ್ಸಾಸ್ ಸರ್ಕಾರ ಅದನ್ನು ರಾಜ್ಯಾದ್ಯಂತ ನಿರ್ಮೂಲನೆಗೆ ಅರ್ಹವಾದ ಕಳೆ ಎಂದು ಸಾರಬೇಕಾಯಿತು.

ಏಪ್ರಿಲ್ ಬೆಂಕಿ ಇದಕ್ಕೆ ಏನು ಮಾಡಿತು? ಗೌಜಲ ಬಟಾಣಿಗೆ ಮಾಡಿದ ಉಪಕಾರವನ್ನೇ ಇದಕ್ಕೂ ಮಾಡಿತು, ಬೀಜ ಬಿರಿಯಿತು, ನೆಲ ತೆರೆಯಿತು. ಜೊತೆಗೆ ಇದು ಹಲವು ವರ್ಷ ಬದುಕುವ ಗಿಡವಾದ್ದರಿಂದ ಸುಟ್ಟರೂ ಬುಡದಿಂದ ಮತ್ತೆ ಚಿಗುರಿತು. ಆಮೇಲೆ ಕಾನ್ಸಾಸ್ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳು ಬೆಂಕಿಯ ಕಾಲವನ್ನೇ ಬದಲಿಸಿ ನೋಡಿದರು. ಆಗಸ್ಟ್, ಸೆಪ್ಟೆಂಬರ್ ಮೊದಲ ವಾರದಲ್ಲಿ, ಗಿಡ ಹೂವು ಕಾಯಿ ಕಟ್ಟುವ ಹೊತ್ತಿಗೆ ಸುಟ್ಟಾಗ ಬೀಜದ ಉತ್ಪತ್ತಿ ತೀರಾ ಇಳಿಯಿತು. ಏಪ್ರಿಲಿನಲ್ಲಿ ಸಹಾಯ ಮಾಡಿದ ಬೆಂಕಿ ಸೆಪ್ಟೆಂಬರಿನಲ್ಲಿ ವೈರಿಯಾಯಿತು.

ನಮ್ಮಲ್ಲಿ

ಈಗ ಹಿರಿಯ ಸದಸ್ಯರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ನಮ್ಮ ರಾಜ್ಯದಲ್ಲಿಯೂ ತಿಳಿದು ಬೆಂಕಿ ಕೊಡುತ್ತಿದ್ದ ಜನರಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಮೊದಲಲ್ಲಿ, ತರಗು ಇನ್ನೂ ಪೂರ್ತಿ ಒಣಗುವ ಮುನ್ನ, ನೆಲದ ಮಟ್ಟದಲ್ಲಿ ಹೋಗುವ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಎಂದೇ ಅದಕ್ಕೆ ಹೆಸರು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಕಾಡನ್ನು ತುಂಬಿದ್ದಕ್ಕೆ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ, ಸಂಶೋಧಕರೂ ಅದನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆಯೆಂದೇ ನನ್ನ ಅಭಿಪ್ರಾಯ. ಆದರೆ ಈಗ ಆ ಕಾಡಿನಲ್ಲಿ ಆಳೆತ್ತರದ ಲಂಟಾನ ನಿಂತಿದೆ. ಮೊದಲಿನ ತರಗು ಬೆಂಕಿ ಮೊಣಕಾಲು ಮುಟ್ಟುತ್ತಿದ್ದರೆ, ಲಂಟಾನಕ್ಕೆ ಹತ್ತಿದ ಬೆಂಕಿ ಮರದ ತಲೆ ಮುಟ್ಟುತ್ತದೆ. ಹಳೆಯ ರೂಢಿಯನ್ನು ನಲವತ್ತು ಐವತ್ತು ವರ್ಷ ಬಿಟ್ಟು ಮತ್ತೆ ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲ.

ನಮ್ಮ ಸೊಪ್ಪಿನ ಬೆಟ್ಟದ ಮಾತೇ ಬೇರೆ. ಥಾಮಸ್‌ವಿಲ್ಲಿನವನಿಗೆ ನೆಲದಿಂದ ಬೇಕಾದದ್ದು ಹಕ್ಕಿ. ನಮಗೆ ಬೇಕಾದದ್ದು ಸೊಪ್ಪು ಮತ್ತು ದರಕು. ಅವನು ಸುಡುವ ಒಣ ಎಲೆ ಅವನಿಗೆ ಕಸ, ನಮಗೆ ಅದೇ ಫಸಲು. ಅಡಿಕೆ ತೋಟದ ಬುಡಕ್ಕೆ ಹೋಗಬೇಕಾದ ಸಾರಜನಕವನ್ನು ಬೆಟ್ಟದಲ್ಲಿಯೇ ಹೊಗೆ ಮಾಡಿ ಕಳಿಸಿ, ಜೂನ್ ತಿಂಗಳಲ್ಲಿ ಸಂಘದ ಡಿಪೋಕ್ಕೆ ಬಂದು ಯೂರಿಯಾ ಮೂಟೆ ಹೊರುವುದು ಯಾವ ಲೆಕ್ಕ? ಎರಡನೆಯದಾಗಿ ಮಳೆ. ಅಲ್ಲಿ ವರ್ಷಕ್ಕೆ ಸುಮಾರು 50 ಅಂಗುಲ, ಅದೂ ಎಲ್ಲ ತಿಂಗಳುಗಳಿಗೂ ಹಂಚಿಕೊಂಡು. ನಮ್ಮಲ್ಲಿ ನೂರಕ್ಕೂ ಮೀರಿ, ನಾಲ್ಕೇ ತಿಂಗಳಲ್ಲಿ, ಇಳಿಜಾರಿನ ಮೇಲೆ. ಬೆಂಕಿ ಬಿದ್ದ ಬೆಟ್ಟದ ಕೆಳಗಿನ ಹಳ್ಳದಲ್ಲಿ ಮೊದಲ ದೊಡ್ಡ ಮಳೆಗೆ ಕಪ್ಪು ನೀರು ಹರಿಯುವುದನ್ನು ಯಾರು ನೋಡಿಲ್ಲ? ಬೂದಿಯ ಪೊಟ್ಯಾಷೂ ರಂಜಕವೂ ಹೋಗುತ್ತಿರುವುದು ಆ ನೀರಿನಲ್ಲಿ. ಮೂರನೆಯದು ಗಿಡಗಳ ಸ್ವಭಾವ. ಹೊನ್ನೆ, ಬೀಟೆ, ಜಂಬೆ ಇವೂ ದ್ವಿದಳ ಜಾತಿಯವೇ. ಬೀಟೆ ಬೇರಿನಿಂದ ಚಿಗುರೊಡೆದು ಏಳಬಲ್ಲದು ನಿಜ, ಆದರೆ ವರ್ಷವೂ ಬೆಂಕಿ ಹೋಗುವಲ್ಲಿ ಆ ಚಿಗುರು ಮರವಾಗುವುದಿಲ್ಲ. ದೊಡ್ಡ ಮರಗಳ ಬುಡದ ತೊಗಟೆ ಸುಟ್ಟ ಕಡೆಯಿಂದ ಕೊಳೆ ಹಿಡಿಯುತ್ತದೆ.

ನನ್ನ ಸ್ವಂತ ಅನುಭವವನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಬಿ.ಎಸ್ಸಿ. ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ಬೆಟ್ಟದ ಮೇಲಿನ ಮೂಲೆಯ ಕಾಲೆಕರೆಯಷ್ಟು ಜಾಗಕ್ಕೆ ತಂದೆಯವರು ಬೇಡವೆಂದರೂ ಕೇಳದೆ ಬೆಂಕಿ ಕೊಡಿಸಿದೆ. ಪೊದೆ ಹೋಗಿ ಸೊಪ್ಪು ಕಡಿಯಲು ದಾರಿಯಾಗಲೆಂಬುದು ಉದ್ದೇಶ. ಆ ಮೂಲೆಗೆ ತಾಗಿ ಎಂಬತ್ತರ ದಶಕದಲ್ಲಿ ನೆಟ್ಟ ಅಕೇಸಿಯಾ ಪ್ಲಾಂಟೇಶನ್ ಇತ್ತು. ಜೂನಿನಲ್ಲಿ ನೆಲವೆಲ್ಲ ಹಸಿರಾದಾಗ ನಾನು ತಂದೆಯವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಂದು ಸಸಿ ಕಿತ್ತು ನನ್ನ ಕೈಗೆ ಕೊಟ್ಟು, ಏನೂ ಮಾತಾಡದೆ ಮನೆಗೆ ಬಂದರು. ಅಷ್ಟೂ ಅಕೇಸಿಯಾ. ಆಸ್ಟ್ರೇಲಿಯದ ಕಡೆಯಿಂದ ಬಂದ ಆ ಮರವೂ ದ್ವಿದಳವೇ, ಅದರ ಬೀಜವೂ ಗಟ್ಟಿ ಸಿಪ್ಪೆಯದೇ. ಬೀಜ ವರ್ಷಾನುಗಟ್ಟಲೆ ಮಣ್ಣಿನಲ್ಲಿ ಬಿದ್ದಿತ್ತು, ನಾನು ಬಿಸಿ ನೀರಿಗೆ ಹಾಕಿದಂತೆ ಮಾಡಿ ಎಬ್ಬಿಸಿದ್ದೆ. ಉಳಿದ ಜಾಗಕ್ಕೆ ಕಮ್ಯುನಿಸ್ಟ್ ಗಿಡ ಬಂತು. ಮತ್ತಿ, ಹೊನ್ನೆಗಳ ಮೊದಲಿದ್ದ ಎಳೆ ಸಸಿಗಳು ಆ ಮೂಲೆಯಲ್ಲಿ ಮತ್ತೆ ಕಾಣಿಸಿಕೊಳ್ಳಲು ಹದಿನೈದು ವರ್ಷಕ್ಕೂ ಮೇಲಾಯಿತು. ಅದೂ ಪ್ರತಿ ವರ್ಷ ಮೊದಲ ಮಳೆ ಬಿದ್ದ ಮೇಲೆ, ನೆಲ ಮೆತ್ತಗಿರುವಾಗ, ಅಕೇಸಿಯಾ ಸಸಿಗಳನ್ನು ಗೇಣುದ್ದ ಇರುವಾಗಲೇ ಬೇರುಸಹಿತ ಕೀಳಿಸಿದ್ದರಿಂದ. ಈಗಲೂ ಕೀಳಿಸುತ್ತಿದ್ದೇನೆ; ಮಣ್ಣಿನ ಬೀಜ ಇನ್ನೂ ಮುಗಿದಿಲ್ಲ.

ಆದ್ದರಿಂದ ಅಕೇಸಿಯಾ ಪ್ಲಾಂಟೇಶನಿಗೆ ತಾಗಿದ ಬೆಟ್ಟವಿರುವ ಸದಸ್ಯರಿಗೆ ನನ್ನ ವಿಶೇಷ ವಿಜ್ಞಾಪನೆ ಏನೆಂದರೆ, ಅಲ್ಲಿ ಬೆಂಕಿ ಎಂಬ ಮಾತನ್ನೇ ಎತ್ತಬೇಡಿ. ಪೊದೆ ತೆಗೆಯಬೇಕಾದರೆ ಕತ್ತಿಯಿಂದ ತೆಗೆಯಿಸಿ, ಸವರಿದ್ದನ್ನು ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಹಾಕಿ. ದ್ವಿದಳ ಹಸಿರು ಗೊಬ್ಬರ ಬೇಕಾದರೆ ಬೀಜಕ್ಕೆ ಬಿಸಿ ನೀರು ಸಾಕು, ಬೆಟ್ಟಕ್ಕೆ ಬೆಂಕಿ ಬೇಕಿಲ್ಲ. ಬೀಜದ ಅಳತೆಯ ನಾಲ್ಕೈದು ಪಟ್ಟು ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತು ತುಸು ಹೊತ್ತಾದ ಮೇಲೆ ಬೀಜ ಸುರಿಯಬೇಕು. ಕುದಿಯುತ್ತಿರುವಾಗಲೇ ಸುರಿದರೆ ಬೇಯುತ್ತದೆ. ನೆನೆಸಿದ ಬೀಜಗಳಲ್ಲಿ ಊದಿಕೊಂಡವನ್ನು ಆರಿಸಿ ಬಿತ್ತಿ, ಊದದೆ ಉಳಿದವನ್ನು ಇನ್ನೊಮ್ಮೆ ಬಿಸಿ ನೀರಿಗೆ ಹಾಕಬಹುದು. ಒಂದು ಹಿಡಿ ಬೀಜದಲ್ಲಿ ಮೊದಲು ಪರೀಕ್ಷಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಕಾನೂನಿನ ವಿಷಯವೂ ಸ್ಪಷ್ಟವಾಗಿರಲಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ ಹಕ್ಕು. ಅದು ನಮ್ಮ ಹಿಡುವಳಿ ಜಮೀನಲ್ಲ. ಕರ್ನಾಟಕ ಅರಣ್ಯ ಕಾಯಿದೆ 1963ರ ಪ್ರಕಾರ ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಬೆಂಕಿ ನಮ್ಮ ಗಡಿ ದಾಟಿ ಪಕ್ಕದವರ ಕಾಫಿಗೆ ಹೋದರೆ ಕೇಸಿಗಿಂತ ದೊಡ್ಡ ಕಷ್ಟ ಬರುತ್ತದೆ. ಕಾಫಿಯ ಬೇರು ಮೇಲ್ಮಣ್ಣಿನಲ್ಲಿಯೇ, ತರಗಿನ ಅಡಿಯಲ್ಲಿಯೇ ಹರಡಿರುವುದರಿಂದ, ತರಗು ಉರಿದ ತೋಟ ಮೇಲಿನಿಂದ ಹಸಿರು ಕಂಡರೂ ಮಳೆಗಾಲದ ಹೊತ್ತಿಗೆ ಒಣಗಿ ನಿಂತಿರುತ್ತದೆ.

ಬೆಂಕಿ ರೇಖೆಯ ಕೆಲಸವನ್ನು ಜನವರಿ ಮುಗಿಯುವುದರೊಳಗೆ ಮಾಡಿಸಿಕೊಳ್ಳಬೇಕು. ರೇಖೆಯಲ್ಲಿ ಗುಡಿಸಿದ ದರಕನ್ನು ಅಲ್ಲಿಯೇ ರಾಶಿ ಹಾಕಿ ಸುಡದೆ ತೋಟಕ್ಕೆ ಸಾಗಿಸಬೇಕು. ಒಬ್ಬೊಬ್ಬರೇ ಮಾಡಿದರೆ ಎರಡು ಬೆಟ್ಟಗಳ ನಡುವಿನ ಗಡಿ ಯಾರದ್ದೂ ಅಲ್ಲದೆ ಉಳಿಯುವುದನ್ನು ಪ್ರತಿ ವರ್ಷ ನೋಡುತ್ತಿದ್ದೇವೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದೇ ರೇಖೆ ತೆಗೆಯಲು ಒಪ್ಪಿದರೆ, ಆಳಿನ ಖರ್ಚಿನಲ್ಲಿ ಸಂಘದಿಂದ ಏನಾದರೂ ಪಾಲು ಕೊಡುವ ವಿಷಯವನ್ನು ಬರುವ ಆಡಳಿತ ಮಂಡಳಿ ಸಭೆಯ ಮುಂದೆ ಇಡುತ್ತೇನೆ. ಇಚ್ಛೆಯುಳ್ಳವರು ತಮ್ಮ ಬೆಟ್ಟದ ಗಡಿಯ ಉದ್ದ, ಪಕ್ಕದಲ್ಲಿ ಅಕೇಸಿಯಾ ಇದೆಯೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರಿದೆ.

— ಕಾರ್ಯದರ್ಶಿ